ಬಸ್ಸಿನ ಟಾಪ್ ಮೇಲೆ ಸೋಲಾರ್: 400 ವ್ಯಾಟ್ ಕಿಟ್ ತುಮಕೂರು ಬಿಸಿಲಿಗೆ ಹೇಗಿದೆ?

ತುಮಕೂರು ಜಿಲ್ಲೆಯಲ್ಲಿ ಬಿಸಿಲಿಗೇನೂ ಬರವಿಲ್ಲ. ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ತಲೆಯೆತ್ತಿದ್ದು ಈ ಬಿಸಿಲನ್ನು ನಂಬಿಕೊಂಡೇ. ಹಾಗಂತ ಮಲಗಲು, ಅಡುಗೆ ಮಾಡಲು ಅನುಕೂಲವಾಗುವಂತೆ ಮಾರ್ಪಡಿಸಿದ ಮಿನಿ ಬಸ್ಸು, ಟೆಂಪೋ ಟ್ರಾವೆಲರ್‌ಗೆಲ್ಲ ಸೋಲಾರ್ ಒಗ್ಗುತ್ತದೆ ಎನ್ನಲಾಗದು. ಇಲ್ಲಿ ನೋಡುತ್ತಿರುವುದು ಮಾಮೂಲಿ ಕಿಟ್: 200 ವ್ಯಾಟ್‌ನ ಎರಡು ಪ್ಯಾನಲ್, ಪ್ಯಾನಲ್ಲಿನ ಕರೆಂಟನ್ನು ಬ್ಯಾಟರಿಗೆ ಹೊಂದಿಸಿ ತುಂಬಿಸುವ 30 ಆಂಪ್ಸ್ ಎಂಪಿಪಿಟಿ ಕಂಟ್ರೋಲರ್, 12 ವೋಲ್ಟ್ 100 ಎಎಚ್ (ಆಂಪ್-ಅವರ್) ಲಿಥಿಯಂ ಬ್ಯಾಟರಿ, 1,000 ವ್ಯಾಟ್ ಇನ್ವರ್ಟರ್. ಫ್ಯಾನು, ಫ್ರಿಜ್ಜು, ಲೈಟಿಗೆ ಧೈರ್ಯವಾಗಿ ಹಾಕಿಸಿ. ಎಸಿ, ಇಂಡಕ್ಷನ್ ಒಲೆಯ ಆಸೆಯಿದ್ದರೆ ಬೇಡವೇ ಬೇಡ.

ಲೆಕ್ಕ ಹೀಗೆ. ಕಡಿಮೆ ಕರೆಂಟು ಎಳೆಯುವ, 28 ವ್ಯಾಟ್‌ನ ಎರಡು ಬಿಎಲ್‌ಡಿಸಿ ಫ್ಯಾನ್ ಹತ್ತು ಗಂಟೆ ತಿರುಗಿದರೆ 560 ವ್ಯಾಟ್-ಅವರ್. ಚಿಕ್ಕ ಡಿಸಿ ಫ್ರಿಜ್ಜಿಗೆ ದಿನಕ್ಕೆ ಸುಮಾರು 400, ಲೈಟು, ಮೊಬೈಲ್, ಲ್ಯಾಪ್‌ಟಾಪ್ ಎಲ್ಲ ಸೇರಿ 250. ಒಟ್ಟು 1,210. ಒಳ್ಳೆ ಬಿಸಿಲಿನ ದಿನ ಕಿಟ್ ಕೊಡುವುದು 1,500ರ ಆಸುಪಾಸು. ಆಷಾಢದ ಮೋಡ ಕವಿದರೆ ಅದರ ಅರ್ಧವೂ ಕಷ್ಟ. ಒಂದು ಟನ್ ಎಸಿ ರಾತ್ರಿಯಿಡೀ ಓಡಿದರೆ ಐದಾರು ಯೂನಿಟ್ (ಒಂದು ಯೂನಿಟ್ ಅಂದರೆ 1,000 ವ್ಯಾಟ್-ಅವರ್) ಬೇಕು. ಬ್ಯಾಟರಿ ತುಂಬಿದ್ದರೂ ಅದರಲ್ಲಿರುವುದು 1.28 ಯೂನಿಟ್ ಮಾತ್ರ.

ಪ್ಯಾನಲ್ ಬಗ್ಗೆ ತಕರಾರಿಲ್ಲ. ಆದರೆ ಮಾರ್ಚ್-ಏಪ್ರಿಲ್‌ನಲ್ಲಿ ಗಾಜು 65 ಡಿಗ್ರಿಗೆ ಕಾದರೆ ಉತ್ಪಾದನೆ ಸುಮಾರು 14% ಇಳಿಯುತ್ತದೆ. ಅದಕ್ಕೇ ಟಾಪಿಗೂ ಪ್ಯಾನಲ್ಲಿಗೂ ನಡುವೆ ಎರಡಿಂಚು ಗಾಳಿ ಆಡಬೇಕು. ಟಾಪಿಗೇ ಅಂಟಿಸುವ ತೆಳು ಪ್ಯಾನಲ್ಲಿಗೆ ಆ ಗಾಳಿಯೇ ಸಿಗದು, ಅದನ್ನು ಕೊಳ್ಳಬೇಡಿ. ನಟ್ಟುಗಳು ನೈಲಾಕ್ (ಒಳಗೆ ನೈಲಾನ್ ಬಳೆ ಇರುವ, ಸಡಿಲವಾಗದ ನಟ್ಟು) ಆಗಿರಲಿ. ರಸ್ತೆಯ ಅದುರಿಗೆ ಸಾದಾ ನಟ್ಟು ನಿಲ್ಲುವುದಿಲ್ಲ. ತೂತು ಕೊರೆದಲ್ಲೆಲ್ಲ ನೀರು ಇಳಿಯದಂತೆ ತಡೆಯುವ ಪಿಯು (ಪಾಲಿಯುರೆಥೇನ್) ಸೀಲಂಟ್ ತುಂಬಬೇಕು, ಇಲ್ಲದಿದ್ದರೆ ಮೊದಲ ಮಳೆಗೇ ಹಾಸಿಗೆ ಒದ್ದೆ. ಮಟ್ಟಸವಾಗಿ ಕೂತ ಪ್ಯಾನಲ್ಲಿನ ಮೇಲೆ ಇಬ್ಬನಿಗೆ ನೆನೆದ ಕೆಂಪು ಧೂಳು ಫ್ರೇಮಿನ ಅಂಚಿಗೆ ಹರಿದು ಅಲ್ಲೇ ಪಟ್ಟಿಯಾಗಿ ಒಣಗುತ್ತದೆ. ನೋಡಲು ಒಂದು ಬೆರಳಗಲ, ಆದರೆ ಕೊನೆಯ ಸಾಲಿನ ಸೆಲ್‌ಗಳನ್ನೆಲ್ಲ ಮುಚ್ಚುವುದರಿಂದ ಏಟು ದೊಡ್ಡದು. ಬೆಳಿಗ್ಗೆ, ಗಾಜು ತಣ್ಣಗಿರುವಾಗಲೇ ತೊಳೆಯಿರಿ.

ಕಿಟ್ಟಿನ ನಿಜವಾದ ದೌರ್ಬಲ್ಯ ವೈರಿನಲ್ಲಿದೆ. ಬ್ಯಾಟರಿಯಿಂದ ಇನ್ವರ್ಟರ್‌ಗೆ ಎಷ್ಟೋ ಕಡೆ 10 ಸ್ಕ್ವೇರ್ ಎಂಎಂ ಕೇಬಲ್ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಪೂರ್ತಿ ಲೋಡಿನಲ್ಲಿ ಅಲ್ಲಿ ಹರಿಯುವುದು 90 ಆಂಪ್ಸ್. ಹೋಗಿ ಬರುವ ದಾರಿ ಐದು ಮೀಟರ್ ಆದರೆ 0.8 ವೋಲ್ಟ್ ವೈರಿನಲ್ಲೇ ಕರಗುತ್ತದೆ. ಬ್ಯಾಟರಿ ಅರ್ಧಕ್ಕಿಂತ ಹೆಚ್ಚು ತುಂಬಿದ್ದರೂ ಇನ್ವರ್ಟರ್ ಲೋ ಬ್ಯಾಟರಿ ಎಂದು ಕೂಗಿಕೊಳ್ಳುವುದು ಇದರಿಂದಲೇ. ಜನ ಬ್ಯಾಟರಿಯನ್ನು ಬೈಯುತ್ತಾರೆ, ಪಾಪ, ಅದರದ್ದೇನೂ ತಪ್ಪಿಲ್ಲ. 35 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ ಹಾಕಿಸಿ, ಬ್ಯಾಟರಿ ಪ್ಲಸ್ಸಿನ ಪಕ್ಕದಲ್ಲೇ 125 ಆಂಪ್ಸ್ ಫ್ಯೂಸ್ ಕೂರಿಸಿ. ಫ್ಯೂಸ್ ಇಲ್ಲದೆ ಗಾಡಿ ಹೊರಡಿಸುವ ಅಂಗಡಿಯಿಂದ ದೂರವಿರಿ. ಲಿಥಿಯಂ ಬ್ಯಾಟರಿ ಶಾರ್ಟ್ ಆದರೆ ಆ ಕೇಬಲ್ಲೇ ಬೆಂಕಿ ಹೊತ್ತಿಸುತ್ತದೆ.

ಇನ್ನು ನೆರಳು. ಹುಣಸೆ ಮರದಡಿ ನಿಲ್ಲಿಸಿದರೆ ಒಳಗೆ ತಂಪು, ಮೇಲೆ ಚಾರ್ಜಿಲ್ಲ. ಪ್ಯಾನಲ್‌ಗಳನ್ನು ಪ್ಯಾರಲಲ್ (ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್) ಜೋಡಿಸಿದರೆ ಒಂದಕ್ಕೆ ನೆರಳು ಬಿದ್ದಾಗ ಇನ್ನೊಂದು ದುಡಿಯುತ್ತದೆ. ಸದಾ ನೆರಳು ಹುಡುಕುವವರಿಗೆ ಹತ್ತು ಮೀಟರ್ ವೈರಿನ ಮಡಚುವ ಪ್ಯಾನಲ್ಲೇ ಲೇಸು.

ದಿನಾ ಓಡುವ ಗಾಡಿಯಾದರೆ ಟಾಪಿಗೆ ಕೈ ಹಾಕುವ ಮೊದಲು ಎಂಜಿನ್ ಓಡುವಾಗ ಗಾಡಿಯ ಕರೆಂಟಿನಿಂದಲೇ ಈ ಬ್ಯಾಟರಿ ತುಂಬಿಸುವ 30 ಆಂಪ್ಸ್ ಡಿಸಿ-ಡಿಸಿ ಚಾರ್ಜರ್ ವಿಚಾರಿಸಿ. ಎರಡು ಗಂಟೆ ಹೈವೇಯಲ್ಲಿ ಓಡಿದರೆ 60 ಎಎಚ್ ತುಂಬುತ್ತದೆ, ಮೋಡವಿದ್ದರೂ ಸರಿ, ರಾತ್ರಿಯಾದರೂ ಸರಿ. ದೊಡ್ಡ ಬಸ್ಸುಗಳದ್ದು 24 ವೋಲ್ಟ್ ಲೈನು. ಅದಕ್ಕೆ 24ರಿಂದ 12ಕ್ಕೆ ಇಳಿಸುವ ಮಾದರಿಯನ್ನೇ ಕೇಳಿ ತೆಗೆದುಕೊಳ್ಳಿ. ಒಂದೇ ಕಡೆ ಮೂರ್ನಾಲ್ಕು ದಿನ ಬಯಲಲ್ಲಿ ನಿಲ್ಲುವವರಿಗೆ ಮಾತ್ರ ಸೋಲಾರ್ ಮೊದಲ ಆಯ್ಕೆ.