ಮೇಲೆ ಕಾಂಕ್ರೀಟೋ, ಕೆಳಗೆ ಕೊಳವೆಯೋ: ಸ್ಕೂಟರ್ ಸವಾರನ ತೀರ್ಪು

ಹನ್ನೆರಡು ವರ್ಷಗಳಿಂದ ಬೆಂಗಳೂರಿನಲ್ಲಿ ಸ್ಕೂಟರ್ ಓಡಿಸುತ್ತಿದ್ದೇನೆ. ರಸ್ತೆ ಸುಧಾರಣೆಯ ಹೆಸರಿನಲ್ಲಿ ನಡೆದ ಪ್ರಯೋಗಗಳ ಲೆಕ್ಕ ನನ್ನ ಸೊಂಟದಲ್ಲಿದೆ.

ಮೊದಲು ವೈಟ್‌ ಟಾಪಿಂಗ್. ಹಳೆಯ ಡಾಂಬರಿನ ಮೇಲೆಯೇ ಕಾಂಕ್ರೀಟ್ ಹಾಸುವ ಈ ಕೆಲಸ ನಮ್ಮ ಮನೆಯ ಬಳಿಯ ಮುಖ್ಯರಸ್ತೆಗೆ ಬಂದಾಗ, ಒಂದು ಪಕ್ಕವನ್ನು ವಾರಗಟ್ಟಲೆ ಮುಚ್ಚಿದರು. ಡಾಂಬರಾದರೆ ರಾತ್ರಿ ಹಾಕಿ ಬೆಳಿಗ್ಗೆ ವಾಹನ ಬಿಡಬಹುದು. ಕಾಂಕ್ರೀಟಿಗೆ ಗೋಣಿತಾಟು ಹೊದಿಸಿ, ದಿನವೂ ನೀರುಣಿಸಿ, ಗಟ್ಟಿಯಾಗುವವರೆಗೆ ಕಾಯಬೇಕು. ಕಾದದ್ದಕ್ಕೆ ಫಲವೂ ಸಿಕ್ಕಿತು. ಎರಡು ಮಳೆಗಾಲ ಕಳೆದರೂ ಒಂದು ಗುಂಡಿ ಬೀಳಲಿಲ್ಲ.

ಆದರೆ ರಸ್ತೆ ಗೇಣುದ್ದ ಮೇಲೆದ್ದಿತ್ತು. ಮೂಲೆಯ ದಿನಸಿ ಅಂಗಡಿಗೆ ಮೊದಲು ಒಂದು ಮೆಟ್ಟಿಲು ಹತ್ತುತ್ತಿದ್ದೆವು, ಈಗ ಇಳಿಯುತ್ತೇವೆ. ಜೋರು ಮಳೆಯ ಸೂಚನೆ ಕಂಡರೆ ಅಂಗಡಿಯವರು ಅಕ್ಕಿಮೂಟೆಗಳನ್ನು ಹಲಗೆಯ ಮೇಲೆ ಏರಿಸುತ್ತಾರೆ. ಮೂರನೆಯ ವರ್ಷ ಅಡಿಯಲ್ಲಿದ್ದ ಹಳೆಯ ನೀರಿನ ಕೊಳವೆ ಒಡೆಯಿತು. ಕಾಂಕ್ರೀಟ್ ಕತ್ತರಿಸಿ, ಕೊಳವೆ ಸರಿಮಾಡಿ, ಹಳ್ಳಕ್ಕೆ ಡಾಂಬರು ತುಂಬಿ ಹೋದರು. ಬಿಳಿ ಪಂಚೆಗೆ ಕರಿ ತೇಪೆ! ಇಡೀ ರಸ್ತೆಯಲ್ಲಿ ಈಗ ಗುಂಡಿಯಿರುವುದು ಅಲ್ಲೊಂದೇ ಕಡೆ.

ಟೆಂಡರ್ ಶ್ಯೂರ್ ಎಂಬ ರಸ್ತೆ ಯೋಜನೆ ಇದಕ್ಕೆ ತದ್ವಿರುದ್ಧ. ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಗಳಲ್ಲಿ ಮೊದಲು ನೆಲದಡಿಯ ಸಂಸಾರವನ್ನು ನೇರ್ಪುಗೊಳಿಸಿದರು: ನೀರು, ಒಳಚರಂಡಿ, ಮಳೆನೀರು, ವಿದ್ಯುತ್, ದೂರವಾಣಿ ಕೇಬಲ್, ಎಲ್ಲಕ್ಕೂ ಪ್ರತ್ಯೇಕ ದಾರಿ. ಬಳಿಕ ಅಗಲವಾದ ಪಾದಚಾರಿ ಮಾರ್ಗ ಕಟ್ಟಿದರು. ‘ಇದ್ದ ರಸ್ತೆಯನ್ನೂ ಕಿರಿದು ಮಾಡಿದರು’ ಎಂದು ಬೈದವರಲ್ಲಿ ನಾನೂ ಒಬ್ಬ. ಓಡಾಡಿದ ಮೇಲೆ ಅರ್ಥವಾಯಿತು. ಅಗಲವಿದ್ದಲ್ಲಿ ನುಗ್ಗಿದ ವಾಹನಗಳು ಕಿರಿದಾದಲ್ಲಿ ಗಂಟುಬೀಳುತ್ತವೆ; ಉದ್ದಕ್ಕೂ ಒಂದೇ ಅಗಲವಿದ್ದರೆ ನಿಧಾನವಾಗಿಯಾದರೂ ಸಾಲು ಸಾಗುತ್ತದೆ. ಅಮ್ಮ ರಸ್ತೆಗಿಳಿದರೆ ನನ್ನ ಮೊಣಕೈ ಬಿಡುವವರಲ್ಲ. ಸೇಂಟ್ ಮಾರ್ಕ್ಸ್ ರಸ್ತೆಯಲ್ಲಿ ಮಾತ್ರ ಕೈಬಿಟ್ಟು, ಚೀಲ ಬೀಸುತ್ತಾ ನನಗಿಂತ ಮುಂದೆ ನಡೆದರು. ಖರ್ಚು ಹೆಚ್ಚು, ಕಾಮಗಾರಿಯೂ ಎಳೆಯಿತು, ನಿಜ. ಆದರೂ ನನ್ನ ಮತ ಇದಕ್ಕೇ.

2018ರಲ್ಲಿ ಹೊಸ ರೂಪ ಪಡೆದ ಚರ್ಚ್ ಸ್ಟ್ರೀಟಿನ ಕಲ್ಲುಹಾಸು ನಡೆಯುವವರಿಗೆ ಚೆಂದ. ಸ್ಕೂಟರಿನಲ್ಲಿ ಹೋದರೆ ಹಲ್ಲು ಕಟಕಟಿಸುತ್ತದೆ. ನಡೆಯಲಿ ಎಂದೇ ಹಾಗೆ ಮಾಡಿದ್ದಾರೇನೋ.

ಇನ್ನು ಮೇಲ್ಸೇತುವೆ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗಿನ 3.36 ಕಿ.ಮೀ. ಉದ್ದದ, ಕೆಳಗೆ ವಾಹನ, ಮೇಲೆ ಮೆಟ್ರೊ ಸಾಗುವ ಡಬಲ್ ಡೆಕ್ಕರ್‌ನ ಒಂದು ಪಕ್ಕ 2024ರ ಜುಲೈನಲ್ಲಿ ತೆರೆದಾಗ ಉತ್ಸಾಹದಿಂದ ಹತ್ತಿದೆ. ಸಿಗ್ನಲ್ ಇಲ್ಲ, ತಲೆಯ ಮೇಲೆ ಮೆಟ್ರೊ ಕಂಬಗಳ ನೆರಳು, ಮುಖಕ್ಕೆ ಗಾಳಿ. ಇಳಿದದ್ದೇ ತಡ, ದಿನವೂ ನೋಡುತ್ತಿದ್ದ ಅದೇ ಸಾಲಿನ ಬಾಲ ಹಿಡಿದೆ. ಮೇಲೆ ಉಳಿಸಿದ ಸಮಯವನ್ನೆಲ್ಲ ಅಲ್ಲೇ ಕಕ್ಕಬೇಕಾಯಿತು.

ಹೀಗಾಗಿ ಯಾವ ಹೊಸ ರಸ್ತೆ ಕಂಡರೂ ನಾನು ಈಗ ಅದರ ನುಣುಪು ನೋಡುವುದಿಲ್ಲ. ಕೊಳವೆ ಬದಲಿಸಿದ್ದಾರೆಯೇ ಎಂದು ಕೇಳುತ್ತೇನೆ. ಮೊನ್ನೆ ಬೆಳಿಗ್ಗೆ ಹಾಲು ತರಲು ಹೋದಾಗ ನಮ್ಮ ಕಾಂಕ್ರೀಟ್ ರಸ್ತೆಯ ಮೇಲೆ, ಹಳೆಯ ತೇಪೆಯಿಂದ ಹತ್ತು ಹೆಜ್ಜೆ ಆಚೆ, ಯಾರೋ ಹಳದಿ ಬಣ್ಣದಲ್ಲಿ ಇನ್ನೊಂದು ಚೌಕ ಬರೆದು ಹೋಗಿದ್ದರು.