ಎರಡು ಟೇಬಲ್, ಒಂದೇ ಬಿಲ್: ಥಾನಿ ಜೊತೆ ಮೂರು ವರ್ಷ

ದಾವಣಗೆರೆ ಚೌಕಿಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯೋನು ನಾನು. ರಾತ್ರಿ ಊಟ ಆದ್ಮೇಲೆ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲಿಯೋಕೆ ಕೂತು ಮೂರು ವರ್ಷ ಆಯ್ತು, ಅಷ್ಟೂ ದಿನ ನನ್ನ ಹಳೇ ಲ್ಯಾಪ್‌ಟಾಪಲ್ಲಿ ಥಾನಿ ಇದೆ. ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಹೊಸಬರಿಗಂತಲೇ ಮಾಡಿದ, ಪೈಥಾನ್ ಪ್ರೋಗ್ರಾಂ ಬರೆದು ಓಡಿಸಿ ನೋಡೋ ಸಾಫ್ಟ್‌ವೇರ್ ಇದು. ಪುಕ್ಕಟೆ. ಪೈಥಾನ್ ಇದರ ಜೊತೆಗೇ ಬರುತ್ತೆ, ಬೇರೆ ಹಾಕ್ಕೊಳ್ಳೋ ರಗಳೆ ಇಲ್ಲ.

ಲೂಪು, ಫಂಕ್ಷನ್ನು ಯಾವುದರಲ್ಲಾದ್ರೂ ಕಲೀಬಹುದು. ನಾನು ಮುಗ್ಗರಿಸಿದ್ದು ಕ್ಲಾಸು, ಆಬ್ಜೆಕ್ಟಲ್ಲಿ. ಕ್ಲಾಸು ಅಂದ್ರೆ ಅಚ್ಚು, ಆಬ್ಜೆಕ್ಟು ಅಂದ್ರೆ ಆ ಅಚ್ಚಲ್ಲಿ ತೆಗೆದ ಒಂದೊಂದು ವಸ್ತು; ಕ್ಲಾಸಿನೊಳಗಿನ ಫಂಕ್ಷನ್ನೇ ಮೆಥಡ್, ಅದರ ಮೊದಲ ಜಾಗದಲ್ಲಿ ಬರೆಯೋ ಹೆಸರು ಸೆಲ್ಫ್. ಸೇರಿದ್ದ ಕೋಚಿಂಗಲ್ಲಿ "ಸೆಲ್ಫ್ ಹಾಕ್ಲೇಬೇಕು ರೀ, ಬಾಯಿಪಾಠ ಮಾಡ್ಕೊಳ್ರಿ" ಅಂದು ಮುಂದಿನ ಪಾಠಕ್ಕೆ ಹೋದ್ರು. ಮನೇಲಿ ಹೋಟೆಲ್ ಬಿಲ್ಲಿನ ಪ್ರೋಗ್ರಾಂ ಬರೀತಾ ಸೆಲ್ಫ್ ಮರೆತೆ. ಆರ್ಡರ್ ಮೆಥಡ್‌ಗೆ ಕೊಟ್ಟಿದ್ದು 'ಬೆಣ್ಣೆ ದೋಸೆ' ಒಂದೇ. ಬಂತು ಟೈಪ್‌ಎರರ್: ಮೆಥಡ್ ತಗೊಳ್ಳೋದು ಒಂದು, ಕೊಟ್ಟಿದ್ದು ಎರಡು ಅನ್ನೋ ತಪ್ಪಿನ ಸಂದೇಶ! ಎರಡನೇದು ಯಾರಪ್ಪ ಕೊಟ್ಟಿದ್ದು? ಸೆಲ್ಫ್ ಸೇರಿಸಿ, ಡೀಬಗ್ (ಪ್ರೋಗ್ರಾಂನ ಒಂದೊಂದೇ ಹೆಜ್ಜೆ ಓಡಿಸಿ ನೋಡೋದು) ಶುರು ಮಾಡಿ, ಒಳಗೆ ಹೆಜ್ಜೆ ಇಡೋ ಎಫ್7 ಕೀ ಒತ್ತುತ್ತಾ ಹೋದೆ. ಮೆಥಡ್ ಒಳಗೆ ಕಾಲಿಟ್ಟ ಕೂಡಲೇ ಅದಕ್ಕೇ ಒಂದು ಕಿಟಕಿ ತೆರೀತು. ಅದರಲ್ಲಿ ಸೆಲ್ಫ್ ಎದುರಿಗೆ ನನ್ನ ಟೇಬಲ್ ಆಬ್ಜೆಕ್ಟೇ ಕೂತಿತ್ತು. 'ಟೇಬಲ್1.ಆರ್ಡರ್(...)' ಅಂತ ಬರೆದಾಗ ಚುಕ್ಕಿಯ ಎಡಗಡೆ ಇರೋದನ್ನ ಪೈಥಾನೇ ಮೊದಲು ಒಳಗೆ ಕಳಿಸುತ್ತೆ. ಬಾಯಿಪಾಠ ಮಾಡೋಕೆ ಅದರಲ್ಲಿ ಏನೂ ಇರಲಿಲ್ಲ.

ಎರರ್ ಬಂದ್ರೆ ಪುಣ್ಯ ಅನ್ನೋದು ಆಮೇಲೆ ಗೊತ್ತಾಯ್ತು. ಒಂದನೇ ಟೇಬಲ್ಲಿಗೆ ಎರಡು ಬೆಣ್ಣೆ ದೋಸೆ, ಎರಡನೇದಕ್ಕೆ ಮಂಡಕ್ಕಿ ಮಿರ್ಚಿ ಹಾಕಿದೆ. ಕೆಂಪಕ್ಷರ ಏನೂ ಬರಲಿಲ್ಲ, ಆದ್ರೆ ಇಬ್ಬರ ಬಿಲ್ಲಲ್ಲೂ ಎಲ್ಲಾ ಐಟಂ! ಎರಡು ರಾತ್ರಿ ತಲೆ ಕೆಡಿಸಿಕೊಂಡೆ. ಕೊನೆಗೆ ವ್ಯೂ ಮೆನುವಿನಲ್ಲಿ ಹೀಪ್ (ಮೆಮೊರಿಯಲ್ಲಿ ಯಾವುದು ಯಾವ ವಿಳಾಸದಲ್ಲಿದೆ ಅಂತ ತೋರಿಸೋದು) ಮತ್ತು ಆಬ್ಜೆಕ್ಟಿನ ಒಳಗೇನಿದೆ ಅಂತ ತೋರಿಸೋ ಆಬ್ಜೆಕ್ಟ್ ಇನ್‌ಸ್ಪೆಕ್ಟರ್ ಆನ್ ಮಾಡಿ ನೋಡಿದ್ರೆ, ಟೇಬಲ್‌ಗಳ ವಿಳಾಸ ಬೇರೆ ಬೇರೆ, ಐಟಂ ಲಿಸ್ಟಿನ ವಿಳಾಸ ಮಾತ್ರ ಅಕ್ಷರ ಬಿಡದೆ ಒಂದೇ. ಖಾಲಿ ಲಿಸ್ಟನ್ನ ಇನಿಟ್ (ಆಬ್ಜೆಕ್ಟ್ ಹುಟ್ಟುವಾಗ ತಾನೇ ಓಡೋ ಮೆಥಡ್) ಒಳಗೆ ಸೆಲ್ಫ್‌ಗೆ ಕಟ್ಟೋ ಬದಲು ಕ್ಲಾಸಿನ ಕೆಳಗೇ ಬರೆದಿದ್ದೆ. ಎರಡು ಗಿರಾಕಿಗೆ ಒಂದೇ ಖಾತೆ ಪುಸ್ತಕ ಇಟ್ಟಂಗೆ. ನಮ್ಮ ಅಂಗಡೀಲಿ ಹಿಂಗೆ ಬರೆದಿದ್ರೆ ಸಾಹುಕಾರ್ರು ಅವತ್ತೇ ಮನೆಗೆ ಕಳಿಸ್ತಿದ್ರು.

ಇನಿಟ್‌ಗೆ ಆಚೆ ಈಚೆ ಎರಡೆರಡು ಅಂಡರ್‌ಸ್ಕೋರ್ ಬೇಕು, ಪರದೆ ಮೇಲೆ ಒಂದೇ ಗೆರೆ ಥರ ಕಾಣುತ್ತೆ. ಒಂದೊಂದೇ ಹಾಕಿದ್ರೆ 'ಟೇಬಲ್ ಯಾವ ಆರ್ಗ್ಯುಮೆಂಟೂ (ಒಳಗೆ ಕೊಡೋ ಮೌಲ್ಯ) ತಗೊಳ್ಳಲ್ಲ' ಅಂತ ಬರುತ್ತೆ. ಇದಕ್ಕೆ ಡೀಬಗ್ ಬೇಡ, ಕಣ್ಣಿದ್ರೆ ಸಾಕು. ಹೆಸರಿನ ಕಾಗುಣಿತ ತಪ್ಪಿದ್ರೆ ಪೈಥಾನ್ 3.10ರಿಂದ ಈಚೆಗೆ ಅದೇ ಸರಿಯಾದ ಹೆಸರು ಸೂಚಿಸುತ್ತೆ.

ದೊಡ್ಡ ಫೈಲಿಗೆ ನಾನು ಬೇರೆ ಎಡಿಟರ್ ಬಳಸ್ತೀನಿ. ಥಾನಿಯ 'ನೈಸರ್' ಡೀಬಗ್ ಒಂದೊಂದು ಲೆಕ್ಕಾನೂ ಬಿಡಿಸಿ ತೋರಿಸುತ್ತೆ, ಹಂಗಾಗಿ ಉದ್ದದ ಲೂಪಿಗೆ ನಿಧಾನ. ಅದಕ್ಕೆ 'ಫಾಸ್ಟರ್' ಅಂತ ಬೇರೆ ಇದೆ. ಮೆನು ಕನ್ನಡದಲ್ಲಿದ್ದಿದ್ರೆ ಐದು ಸ್ಟಾರ್ ಕೊಡ್ತಿದ್ದೆ, ಈಗ ನಾಲ್ಕು.

ಹೋದ ಭಾನುವಾರ ಹರಿಹರದಿಂದ ಅಕ್ಕನ ಮಗ ಬಂದಿದ್ದ, ಬಿಸಿಎ ಓದ್ತಾನೆ. "ಮಾಮ, ನಾನ್ ಕೊಟ್ಟಿರೋದು ಒಂದೇ, ಇದು ಎರಡು ಅಂತೈತಿ ನೋಡು" ಅಂದ. ಏನೂ ಹೇಳದೆ ಲ್ಯಾಪ್‌ಟಾಪ್ ಅವನ ಕಡೆ ತಿರುಗಿಸಿ ಎಫ್7 ತೋರಿಸಿದೆ.