ಹಲಸಿನ ಪಲ್ಪ್ ಪ್ಯಾಕೆಟ್: ಘಮ ಚೆನ್ನ, ನೀರು ಜಾಸ್ತಿ

ಶಿವಮೊಗ್ಗ, ತೀರ್ಥಹಳ್ಳಿ ಕಡೆ ಫ್ರೀಜರ್ ಇರುವ ಅಂಗಡಿಯಲ್ಲಿ ಸಿಗುವ ಅರ್ಧ ಕೆಜಿ ಪ್ಯಾಕೆಟ್ ಇದು. ಘಮಕ್ಕೆ ಪೂರ್ತಿ ಅಂಕ. ಆದರೆ ಒಳಗಿರುವುದು ಮೆತ್ತನೆ ತೊಳೆಯ ಅಂಬಲಿ ಹಲಸು, ಗಟ್ಟಿ ತೊಳೆಯ ಬಕ್ಕೆಯಲ್ಲ; ನಾರು ಹೆಚ್ಚು, ಕರಗಿದ ಮೇಲೆ ನೀರು ಬಿಡುತ್ತದೆ. ಹಾಗೇ ಕೇಕಿನ ಹಿಟ್ಟಿಗೆ ಸುರಿದರೆ ಕೇಕು ಮೇಲೆ ಕೆಂಪಗಾಗಿ, ತಳ ಕಡುಬಿನ ಹಾಗೆ ಅಂಟಂಟು. ಕಡುಬೇ ಬೇಕಿದ್ದರೆ ಬಾಳೆಎಲೆ ಸಾಕಿತ್ತಲ್ಲ!

ದಾರಿ ಇದೆ. 250 ಗ್ರಾಂ ಪಲ್ಪನ್ನು ಜರಡಿಯಲ್ಲಿ ಸೋಸಿ, ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಗಿಟ್ಟು ಕೈಬಿಡದೆ ತಿರುವಿ. ಸೌಟು ಎಳೆದ ಗೆರೆ ಕ್ಷಣಹೊತ್ತು ನಿಲ್ಲಬೇಕು. ಆಗ ಸುಮಾರು 180 ಗ್ರಾಂ ಉಳಿದಿರುತ್ತದೆ. ಪೂರ್ತಿ ಆರಲಿ. ಅದಕ್ಕೆ ಮೈದಾ 150 ಗ್ರಾಂ, ಸಕ್ಕರೆ 90, ಗಟ್ಟಿ ಮೊಸರು 100, ಎಣ್ಣೆ 80 ಮಿಲಿ, ಬೇಕಿಂಗ್ ಪೌಡರ್ 1 ಟೀ ಚಮಚ, ಅಡುಗೆ ಸೋಡಾ ಕಾಲು ಟೀ ಚಮಚ, ಏಲಕ್ಕಿ. ಹಲಸಿನಲ್ಲಿ ಹುಳಿ ಕಡಿಮೆ, ಸೋಡಾಕ್ಕೆ ಕೆಲಸ ಕೊಡುವುದು ಮೊಸರೇ. ಸೋಡಾ ಹೆಚ್ಚಾದರೆ ಸೋಪಿನ ರುಚಿ. 7 ಇಂಚಿನ ಟಿನ್, 170 ಡಿಗ್ರಿ, 40ರಿಂದ 45 ನಿಮಿಷ.

ಸಕ್ಕರೆ ಬೆರೆಸಿದ ಪಲ್ಪೂ ಬರುತ್ತದೆ, ಲೇಬಲ್ ನೋಡಿ. ಕರಗಿದ್ದನ್ನು ಮತ್ತೆ ಫ್ರೀಜರಿಗೆ ಇಡಬೇಡಿ. ಉಳಿದರ್ಧ ಅವತ್ತೇ ಕಡುಬಿಗೆ.